ಚೆಂಡು ತಿರುಗಲಿಲ್ಲ, ತಪ್ಪು ತೂತಿನದಲ್ಲ

ಮಿಷಿಗನ್‌ನ ನಮ್ಮ ಬೌಲಿಂಗ್ ಲೀಗ್‌ಗೆ ಅಂತ 15 ಪೌಂಡಿನ ರಿಯಾಕ್ಟಿವ್ ಚೆಂಡು (ಲೇನ್ ಹಿಡಿದು ತಿರುಗುವಂಥ ಹೊರಮೈ ಇರುವುದು) ಕೊಂಡೆ. ಕನ್ನಡಿಯಂಥ ಪಾಲಿಶ್. ಎಣ್ಣೆ ಜಾಸ್ತಿ ಸವರಿದ್ದ ಲೇನ್‌ನಲ್ಲಿ, ಅಂದರೆ ಚೆಂಡು ಉರುಳುವ ಹಾದಿಯಲ್ಲಿ, ಅದು ಸುಮ್ನೆ ಜಾರಿಕೊಂಡು ಹೋಗುತ್ತಿತ್ತು. ತಿರುಗುವ ಹೊತ್ತಿಗೆ 60 ಅಡಿ ಲೇನ್ ಮುಗಿದೇ ಹೋಗಿರುತ್ತಿತ್ತು. ಮೂಲೆಯ 10ನೇ ಪಿನ್ ಮಾತ್ರ ನನ್ನನ್ನು ಅಣಕಿಸುತ್ತಾ ನಿಂತಿರುತ್ತಿತ್ತು.

ಮೊದಲು ಅನುಮಾನ ಬಂದದ್ದು ಲೇಔಟ್ ಮೇಲೆ, ಅಂದರೆ ಬೆರಳಿನ ತೂತು ಎಲ್ಲಿ ಕೊರೆದಿದ್ದಾರೆ ಅನ್ನೋದರ ಮೇಲೆ. ಚೆಂಡಿನ ಮೇಲಿರುವ ಪಿನ್ ಗುರುತಿನಿಂದ (ಒಳಗಿನ ತಿರುಳಿನ ತುದಿ) ನನ್ನ ಆಕ್ಸಿಸ್ ಪಾಯಿಂಟ್‌ಗೆ (ನಾನು ಎಸೆದಾಗ ಚೆಂಡು ಸುತ್ತುವ ಅಕ್ಷದ ತುದಿ) 5 ಇಂಚು, ಅಂದರೆ ಫ್ಲೇರ್, ಉರುಳುವಾಗ ಆ ಅಕ್ಷ ಸರಿಯುವುದು, ಸ್ವಲ್ಪ ಕಡಿಮೆ. ಆದರೆ ತೂತು ಮುಚ್ಚಿ ಮತ್ತೆ ಕೊರೆಸುವುದು ದುಬಾರಿ ಅಲ್ವಾ?

ಅದಕ್ಕೇ ಮೊದಲು ಹೊರಮೈಯನ್ನೇ ಬದಲಿಸಿ ನೋಡೋಣ ಅಂತ 2000 ಗ್ರಿಟ್‌ನ ಉಜ್ಜುವ ಪ್ಯಾಡ್ ಒದ್ದೆ ಮಾಡಿ, ಚೆಂಡನ್ನು ತಿರುಗಿಸುತ್ತಾ ಎಲ್ಲ ಬದಿಯೂ ಸಮನಾಗಿ ಉಜ್ಜಿದೆ. ಹೊಳಪು ಹೋಯಿತು, ಹೊಟ್ಟೆ ಉರಿಯಿತು. ಮಾರನೇ ವಾರ ಚೆಂಡು ಬೇಗನೆ ಲೇನ್ ಹಿಡಿಯಿತು. ಆಸೆಗೆ ಬಿದ್ದು ಇನ್ನೂ ಒರಟಾದ 1000 ಗ್ರಿಟ್‌ಗೆ ಇಳಿಸಿದೆ. ಆಗ ಪಿನ್ ಮುಟ್ಟುವ ಮೊದಲೇ ಚೆಂಡು ಸುಸ್ತಾಯಿತು. ಮತ್ತೆ 2000ಕ್ಕೇ ಬಂದೆ.