ಪದವಿನ ನೀಲಿ ಹೂವನ್ನು ಉಳಿಸಿಕೊಳ್ಳುವುದು ಹೇಗೆ?

ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಮನೆಯ ಹಿಂದೆ ಒಂದಷ್ಟು ಪದವು, ಅಂದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲು ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ಕಾದ ಕಾವಲಿಯ ಹಾಗಿರುವ ಆ ಜಾಗ, ಆಟಿ ತಿಂಗಳು ಕಳೆದು ಸೋಣ ಬಂದಾಗ, ಅಂದರೆ ಆಗಸ್ಟ್ ನಡುವಿನ ಹೊತ್ತಿಗೆ, ನೀಲಿಯಾಗುತ್ತದೆ, ಅಲ್ವಾ? ಆ ನೀಲಿಯಲ್ಲಿ ಬಹುಪಾಲು ಯುಟ್ರಿಕ್ಯುಲೇರಿಯಾ. ಮಲಯಾಳಿಗಳು ಇದನ್ನು ಕಾಕ್ಕಪ್ಪೂವು ಅನ್ನುತ್ತಾರೆ. ಮರಾಠಿಯಲ್ಲಿ ಇದರ ಹೆಸರಿಗೆ ಸೀತೆಯ ಕಣ್ಣೀರು ಎಂದು ಅರ್ಥ. ಇದು ಕೀಟಾಹಾರಿ ಗಿಡ. ಮಣ್ಣಿನೊಳಗಿನ ಎಳೆಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ನೀರಿನ ಸಣ್ಣ ಜೀವಿ ಚೀಲದ ಬಾಯಿಯ ರೋಮಕ್ಕೆ ತಾಗಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಅದು ಒಳಗೆ! ಪಕ್ಕದಲ್ಲೇ ಕೆಂಪು ನಾಣ್ಯ ಬಿದ್ದ ಹಾಗೆ ನೆಲಕ್ಕಂಟಿ ಡ್ರೋಸೆರಾ ಇರಬಹುದು. ಅದು ಎಲೆಯ ಮೇಲಿನ ಅಂಟು ಹನಿಗಳಲ್ಲಿ ನುಸಿ ಹಿಡಿಯುತ್ತದೆ. ಇವುಗಳಲ್ಲಿ ಕೆಲವು ಪಶ್ಚಿಮ ಘಟ್ಟ ಮತ್ತು ಅದರ ಅಂಚಿನ ಕರಾವಳಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಇವನ್ನು ಬೇಕೆಂದೇ ಹಾಳು ಮಾಡಿದವರನ್ನು ನಾನು ಕಂಡಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹಾಳು ಮಾಡಿದವರನ್ನು ತುಂಬ ಕಂಡಿದ್ದೇನೆ. ನಮ್ಮ ಪಕ್ಕದ ಊರಿನವರೊಬ್ಬರು ಪದವಿನ ಮೇಲ್ಭಾಗದಲ್ಲಿ ಸಾಲಾಗಿ ಇಂಗುಗುಂಡಿ ತೋಡಿಸಿದರು. ಮರುವರ್ಷ ಕೆಳಗಿನ ನೀಲಿ ಅರ್ಧಕ್ಕೆ ಇಳಿಯಿತು. ಅದರ ಮರುವರ್ಷ ಬರೀ ಹುಲ್ಲು.

ಮೊದಲ ಕೆಲಸ ಸುಲಭ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಪದವು ಸುತ್ತಿ, ಹೂ ಎಲ್ಲೆಲ್ಲಿದೆ ಎಂದು ಒಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಿ.

ಎರಡನೆಯದು ನೀರಿನ ದಾರಿ ಹುಡುಕುವುದು. ಎಲ್ಲರೂ ಎಡವುವುದು ಇಲ್ಲೇ. ಈ ಗಿಡಗಳು ನಿಂತಿರುವುದು ಕಲ್ಲಿನ ಮೇಲೆ ಒಂದೆರಡು ಬೆರಳು ದಪ್ಪದ ಮಣ್ಣಿನಲ್ಲಿ. ಅವಕ್ಕೆ ಬೇಕಾದದ್ದು ಮೇಲಿನಿಂದ ಜಿನುಗಿ ಬರುವ ಒರತೆ. ಆದ್ದರಿಂದ ಜೋರು ಮಳೆಯ ದಿನ ನೋಡಿದರೆ ಏನೂ ತಿಳಿಯುವುದಿಲ್ಲ. ಆಗ ಎಲ್ಲ ಕಡೆಯೂ ನೀರೇ. ಮಳೆ ಬಿಟ್ಟು ಎರಡು ದಿನ ಆದ ಮೇಲೆ ಬೆಳಗ್ಗೆ ಬರಿಗಾಲಲ್ಲಿ ಹೋಗಿ. ಕಲ್ಲು ಒಣಗಿದ್ದರೂ ಕೆಲವು ಕಡೆ ಅಂಗಾಲು ತಣ್ಣಗಾಗುತ್ತದೆ, ಒತ್ತಿದರೆ ನೀರು ಮೇಲೆ ಬರುತ್ತದೆ. ಆ ಗೆರೆಯನ್ನೇ ಹಿಡಿದು ಮೇಲಕ್ಕೆ ಹತ್ತಿ. ಅದು ಯಾವ ಸಂದಿನಿಂದ, ಯಾವ ತಗ್ಗಿನಿಂದ ಹೊರಡುತ್ತದೆ ಅನ್ನುವವರೆಗೂ ಹೋಗಿ. ಹೂ ಇರುವ ಜಾಗಕ್ಕೆ ಮಾತ್ರ ಬೇಲಿ ಹಾಕಿ, ಅದರ ಮೇಲ್ಭಾಗದ ಕಲ್ಲನ್ನು ಕೋರೆಗೆ ಕೊಟ್ಟರೆ ಉಳಿಯುವುದು ಬೇಲಿ ಮಾತ್ರ.

ಗುರುತಿಗೆ ಬಿದಿರಿನ ಗೂಟ ನೆಡಿ. ಸುಣ್ಣದ ಪುಡಿ ಎಳೆಯಲೇಬೇಡಿ. ಇಲ್ಲಿಯ ಮಣ್ಣು ಹುಳಿ ಮಣ್ಣು, ಈ ಗಿಡಗಳಿಗೆ ಅದೇ ಹಿತ. ಸುಣ್ಣ ಆ ಹುಳಿಯನ್ನೇ ತೆಗೆಯುತ್ತದೆ. ಗುರುತಾದ ಮೇಲೆ ಆ ಗೆರೆಗೆ ಅಡ್ಡಲಾಗಿ ಕಣಿ (ಚರಂಡಿ), ಇಂಗುಗುಂಡಿ, ರಸ್ತೆ ಯಾವುದೂ ಬೇಡ. ಇಂಗುಗುಂಡಿ ಒಳ್ಳೆಯದೇ, ಆದರೆ ತೋಟದ ಬದಿಯಲ್ಲಿ ಮಾಡಿ. ಒರತೆಯ ಎರಡೂ ಬದಿಗೆ ಕನಿಷ್ಠ 20 ಹೆಜ್ಜೆ ಬಿಡಬೇಕು ಅನ್ನುವುದು ನನ್ನ ಲೆಕ್ಕ. 10 ಸಾಕು ಅನ್ನುವವರ ಮಾತು ಕೇಳಬೇಡಿ.

ಇನ್ನು ಗೊಬ್ಬರ. ಈ ಮಣ್ಣಿನಲ್ಲಿ ಸಾರಜನಕ, ರಂಜಕ ತೀರಾ ಕಡಿಮೆ. ಅದಕ್ಕೇ ಈ ಗಿಡ ಹುಳ ಹಿಡಿಯಲು ಕಲಿತದ್ದು. ‘ಪಾಪ, ಬಡಕಲಾಗಿದೆ’ ಎಂದು ಒಂದು ಬುಟ್ಟಿ ದನದ ಹಟ್ಟಿಯ ಗೊಬ್ಬರ ಹಾಕಿದರೆ ಹುಲ್ಲು ಎದ್ದು ಬಂದು ಇದನ್ನು ಮುಚ್ಚಿಬಿಡುತ್ತದೆ. ಹಟ್ಟಿ ತೊಳೆದ ನೀರು, ಮೇಲಿನ ತೋಟದ ಯೂರಿಯಾ ಕರಗಿದ ನೀರು ಇತ್ತ ಹರಿಯದಂತೆ ತಿರುಗಿಸಿ. ಕಳೆನಾಶಕದ ಪಂಪು ಪದವು ಹತ್ತಲೇಬಾರದು. ಕೂಲಿ ಉಳಿಸುವ ಅಡ್ಡದಾರಿ ಅದು. ಒಂದು ಸಲ ಹೊಡೆದರೆ ಹೂವಿಗೆ ಬಂದ ಗಿಡ ಬೀಜ ಕಟ್ಟದೆ ಸಾಯುತ್ತದೆ. ಇವುಗಳಲ್ಲಿ ಹೆಚ್ಚಿನವು ಒಂದೇ ಮಳೆಗಾಲದ ಗಿಡಗಳು, ಮುಂದಿನ ವರ್ಷಕ್ಕೆ ಉಳಿಯುವುದು ಬೀಜ ಮಾತ್ರ.

ಹುಲ್ಲನ್ನು ಕತ್ತಿಯಿಂದಲೇ ಕೊಯ್ಯಿ, ಅದೂ ಬೀಜ ಉದುರಿದ ಮೇಲೆ, ಡಿಸೆಂಬರ್ ಹೊತ್ತಿಗೆ. ಕೊಯ್ದದ್ದನ್ನು ಅಲ್ಲೇ ಬಿಡದೆ ಹಟ್ಟಿಗೆ ಹೊತ್ತು ತನ್ನಿ. ನಾಲ್ಕು ದನ ಮೇಯ್ದರೆ ತೊಂದರೆ ಇಲ್ಲ, ಹುಲ್ಲು ಗಿಡ್ಡವಾಗಿ ಇವಕ್ಕೆ ಬಿಸಿಲು ಸಿಗುತ್ತದೆ. ಬೆಂಕಿ ಬೇಡ. ಅಮೆರಿಕದ ಕೆರೊಲಿನಾಗಳಲ್ಲಿ ವೀನಸ್ ಫ್ಲೈಟ್ರ್ಯಾಪ್ ಎಂಬ ಕೀಟಾಹಾರಿ ಗಿಡ ಬೆಳೆಯುವ ಪೈನ್ ಕಾಡಿಗೆ ಆಗಾಗ ಬೆಂಕಿ ಬೀಳಲೇಬೇಕು. ಅದರ ವಿಡಿಯೊ ನೋಡಿ ಇಲ್ಲಿ ಕಡ್ಡಿ ಗೀರುವವರಿದ್ದಾರೆ. ಅಲ್ಲಿಯ ಕಾಡು ಬೇರೆ, ನಮ್ಮ ಕಲ್ಲು ಬೇರೆ.

ಅಕೇಶಿಯಾ, ಗೇರು ನೆಡಬೇಡಿ. ನೆರಳು ಬಿತ್ತು ಅಂದರೆ ಡ್ರೋಸೆರಾ ಹೋಯಿತು. ಅಕೇಶಿಯಾ ಸಸಿ ತಾನಾಗಿ ಹುಟ್ಟಿದ್ದರೆ ಮೊದಲ ವರ್ಷವೇ ಕಿತ್ತು ಹಾಕಿ.

ಗಿಡವನ್ನು ಕಿತ್ತು ಮನೆಯ ಕುಂಡದಲ್ಲಿಟ್ಟು ‘ಕಾಪಾಡುವ’ ಯೋಚನೆಯೂ ಬೇಡ. ಬೋರ್‌ವೆಲ್ ನೀರಿನ ಉಪ್ಪಿಗೇ ಅದು ಸೊರಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಕೀಟಾಹಾರಿ ಬೀಜದ ಪೊಟ್ಟಣ ತಂದು ಎರಚುವುದಂತೂ ಇನ್ನೂ ಕೆಟ್ಟದ್ದು. ಒಳಗೆ ಯಾವ ದೇಶದ ಯಾವ ಜಾತಿ ಇದೆಯೋ ನಿಮಗೆ ಹೇಗೆ ಗೊತ್ತಾಗಬೇಕು? ಈ ಪದವಿಗೆ ಬೇಕಾದ ಬೀಜ ಪದವಿನಲ್ಲೇ ಇದೆ. ಜನವರಿಯಿಂದ ಮೇವರೆಗೆ ‘ಇಲ್ಲೇನೂ ಇಲ್ಲ’ ಎಂದು ಜೆಸಿಬಿ ತರಿಸಿ ಸಮ ಮಾಡುತ್ತಾರಲ್ಲ, ಆಗ ಕೆರೆದು ಹೋಗುವುದು ಅದೇ ಬೀಜ.

ಹೂ ನೋಡಲು ಜನ ಬಂದರೆ ಒಣ ಕಲ್ಲಿನ ಮೇಲೆ ಮಾತ್ರ ನಡೆಸಿ. ಒರತೆಯೊಳಗೆ ಕಾಲಿಟ್ಟು ಫೋಟೊ ತೆಗೆಯಲು ಬಿಡಬೇಡಿ, ಜಾಗದ ಗುರುತನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ.

ಕೊನೆಯದು ದಾಖಲೆ. ನಿಮ್ಮ ಪಂಚಾಯಿತಿಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಇಡುವ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕದಲ್ಲಿ ನಿಮ್ಮ ಪದವಿನ ಗಿಡಗಳನ್ನು ಬರೆಸಿ. ಜಾಗ ಸರ್ಕಾರದ ಪಾಲಾಗುತ್ತದೆ ಎಂದು ಹಿರಿಯರು ಹೆದರುತ್ತಾರೆ. ಆ ಪುಸ್ತಕದಲ್ಲಿ ಹೆಸರು ಬರೆಸಿದ ಮಾತ್ರಕ್ಕೆ ಪಹಣಿ ಬದಲಾಗುವುದಿಲ್ಲ. ಹೋಗುವಾಗ ಒಳ್ಳೆಯ ಫೋಟೊ ಇರಲಿ: ಹೂವಿನ ಎದುರಿನಿಂದ ಒಂದು, ಪಕ್ಕದಿಂದ ಒಂದು, ಕಾಯಿಯದ್ದು ಒಂದು. ಗಾತ್ರ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿಯ ನಾಣ್ಯ ಇಡಿ. ಪಕ್ಕದಿಂದ ತೆಗೆದ ಫೋಟೊ ಮರೆಯಬೇಡಿ. ಹೂವಿನ ಹಿಂದಿನ ಕೊಕ್ಕೆ ಕಾಣದಿದ್ದರೆ ಸಸ್ಯ ತಜ್ಞರಿಗೂ ಜಾತಿ ಹೇಳುವುದು ಕಷ್ಟ.