ಎಚ್ಚರದಲ್ಲೇ ಮೆದುಳಿನ ಆಪರೇಷನ್ ಅಂದರೆ ಮೊದಲು ಮನೆಮಾತು ಹೇಳಿ

ಕೋಲಾರದ ಕಡೆಯವರಾದ ನಾವು ಆಸ್ಪತ್ರೆ ಫಾರಂನಲ್ಲಿ ಭಾಷೆ ಯಾವುದು ಅಂತ ಕೇಳಿದರೆ ಸುಮ್ನೆ ಕನ್ನಡ ಅಂತ ಬರೆದುಬಿಡುತ್ತೇವೆ. ನಮ್ಮ ಭಾವನ ವಿಷಯದಲ್ಲೂ ಹಾಗೇ ಬರೆದಿದ್ದೆವು. ಅವರದು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೆಲಸ. ಅಕ್ಕನ ಜೊತೆ ತೆಲುಗು, ಮಕ್ಕಳ ಜೊತೆ ಕನ್ನಡ, ಕ್ರೇಟ್ ಎಣಿಸುವುದು ತೆಲುಗಿನಲ್ಲಿ, ಚೀಟಿ ಬರೆಯುವುದು ಕನ್ನಡದಲ್ಲಿ. ಅವರ ಮೆದುಳಿನಲ್ಲಿ ಗಡ್ಡೆ ಇದ್ದದ್ದು ಎಡಗಡೆ, ಮಾತಿನ ಜಾಗದ ಪಕ್ಕದಲ್ಲೇ. ಬೆಂಗಳೂರಿನ ಡಾಕ್ಟರು "ಎಚ್ಚರ ಇಟ್ಟೇ ತೆಗೀಬೇಕು" ಅಂದಾಗ ಅಕ್ಕ ಕೂತಲ್ಲೇ ಅತ್ತಳು.

ಅಷ್ಟು ಹೆದರಬೇಕಿಲ್ಲ. ಮೆದುಳಿಗೆ ಸ್ವತಃ ನೋವು ಗೊತ್ತಾಗುವುದಿಲ್ಲ. ನೋವಾಗುವುದು ತಲೆಚರ್ಮಕ್ಕೆ ಮತ್ತು ಮೆದುಳಿನ ಹೊದಿಕೆಗೆ, ಅದಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ತೆರೆಯುವಾಗ ಸಾಮಾನ್ಯವಾಗಿ ಮಂಪರಿನಲ್ಲೋ ನಿದ್ದೆಯಲ್ಲೋ ಇಟ್ಟು, ಆಮೇಲೆ ಎಬ್ಬಿಸಿ, ಚಿತ್ರ ತೋರಿಸಿ ಇದೇನು ಅಂತ ಕೇಳುತ್ತಾ ಮೆದುಳಿನ ಮೇಲೆ ಸಣ್ಣ ಕರೆಂಟ್ ಮುಟ್ಟಿಸುತ್ತಾರೆ; ಮುಟ್ಟಿಸಿದಾಗ ಹೆಸರು ಬಾಯಿಗೆ ಬರದೆ ನಿಂತರೆ ಆ ಜಾಗ ಮಾತಿಗೆ ಬೇಕಾದದ್ದು, ಅಲ್ಲಿ ಕೈ ಹಾಕುವುದಿಲ್ಲ.

ಈಗ ನಮ್ಮ ಊರಿನ ತೊಡಕು. ಎರಡು ಭಾಷೆ ಬರುವವರ ಮೆದುಳಿನಲ್ಲಿ ಕೆಲವು ಜಾಗ ಎರಡಕ್ಕೂ ಬೇಕು, ಕೆಲವು ಒಂದಕ್ಕೆ ಮಾತ್ರ ಬೇಕು. 1978ರಲ್ಲೇ ಅಮೆರಿಕದ ಮೆದುಳಿನ ಸರ್ಜನ್ ಓಜೆಮನ್ ಮತ್ತು ಭಾಷಾತಜ್ಞ ವಿಟೇಕರ್ ಇದನ್ನು ಆಪರೇಷನ್ ಟೇಬಲ್ ಮೇಲೇ ಕಂಡಿದ್ದರು. ಅಂದರೆ ಕನ್ನಡದಲ್ಲಿ ಮಾತ್ರ ಕೇಳಿದರೆ ಕನ್ನಡ ಉಳಿಯಬಹುದು, ಹೆಂಡತಿ ಜೊತೆ ಆಡುವ ಮಾತಿಗೆ ಪೆಟ್ಟು ಬೀಳಬಹುದು!

ಹಾಗಾಗಿ ಒಂದು ಹಾಳೆ ತಗೊಂಡು ಯಾರ ಜೊತೆ ಯಾವ ಭಾಷೆ, ಲೆಕ್ಕ ಯಾವುದರಲ್ಲಿ, ಓದು ಯಾವುದರಲ್ಲಿ, ಬೈಯುವುದು ಯಾವುದರಲ್ಲಿ (ನಗಬೇಡಿ, ಅದೂ ಭಾಷೆಯೇ) ಅಂತ ಬರೆದು ಸರ್ಜನ್ ಕೈಗೇ ಕೊಡಿ. ಕೆ.ಜಿ.ಎಫ್. ಕಡೆಯವರಾದರೆ ತಮಿಳೂ ಸೇರುತ್ತದೆ. ಆಪರೇಷನ್ ಥಿಯೇಟರ್ ಒಳಗೆ ತೆಲುಗು ಬರುವವರು ಯಾರಿರುತ್ತಾರೆ ಅಂತ ಮೊದಲೇ ಕೇಳಿ. ನಮ್ಮ ತೆಲುಗು ಆಂಧ್ರದ ಪುಸ್ತಕದ ತೆಲುಗಲ್ಲ, ಅದರಲ್ಲಿ ಅರ್ಧ ಕನ್ನಡ ಇರುತ್ತದೆ, ಅಲ್ವಾ? ಭಾವ ಹೇಳಿದ ಮನೆಮಾತನ್ನು ಚಿತ್ರ ತೋರಿಸಿ ಕೇಳುವವರು ತಪ್ಪು ಅಂತ ಬರೆದುಕೊಂಡರೆ ಕಷ್ಟ. ಅದಕ್ಕೆ ಆಪರೇಷನ್‌ಗೆ ಮುಂಚೆ ಅವರು ತೋರಿಸುವ ಚಿತ್ರಗಳ ಮುಂದೆ ನೀವೂ ಕೂತು, ಮನೆಯಲ್ಲಿ ಏನನ್ನುತ್ತೀರೋ ಅದನ್ನೇ ಬರೆಸಿ. ಆಗಲೇ ಹೆಸರು ಗೊತ್ತಿಲ್ಲದ ಚಿತ್ರ ಇದ್ದರೆ ತೆಗೆಸಿಬಿಡಿ. ಇಲ್ಲದಿದ್ದರೆ ಟೇಬಲ್ ಮೇಲೆ ತಡವರಿಸಿದ್ದು ಕರೆಂಟಿನಿಂದಲೋ, ಗೊತ್ತಿಲ್ಲದೆಯೋ ತಿಳಿಯುವುದಿಲ್ಲ. ಆ ಚಿತ್ರಗಳ ಫೋಟೋ ತೆಗೆದುಕೊಂಡು ರಾತ್ರಿ ಹೊತ್ತು ಮನೆಯಲ್ಲಿ ಎರಡೂ ಭಾಷೆಯಲ್ಲಿ ಅಭ್ಯಾಸ ಮಾಡಿಸಿ.

ಬೀಡಿ ಬಿಡಿಸಿ. ತಲೆ ಕ್ಲಾಂಪಿನಲ್ಲಿ ಬಿಗಿದಿರುವಾಗ ಕೆಮ್ಮು ಬಂದರೆ ದೊಡ್ಡ ತೊಂದರೆ. ಜೋರು ಗೊರಕೆ ಇದ್ದರೆ ಅರಿವಳಿಕೆ ಡಾಕ್ಟರಿಗೆ ಮುಚ್ಚಿಡಬೇಡಿ. ಒಂದೇ ಮಗ್ಗುಲಲ್ಲಿ ಜಾಸ್ತಿ ಹೊತ್ತು ಮಲಗುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಕನ್ನಡಕ ಮರೆಯಬೇಡಿ, ಚಿತ್ರ ನೋಡಬೇಕಲ್ಲ. ಫಿಟ್ಸ್ ಮಾತ್ರೆ ಯಾರು ಹೇಳಿದರೂ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಟೇಬಲ್ ಮೇಲೆ ಫಿಟ್ಸ್ ಬಂದರೆ ಮೆದುಳಿನ ಮೇಲೆ ತಣ್ಣನೆಯ ಸಲೈನ್ ಹಾಕಿ ತಡೆಯುತ್ತಾರೆ, ಅದನ್ನು ಮೊದಲೇ ತಿಳಿದಿದ್ದರೆ ಧೈರ್ಯ.

ದುಡ್ಡಿನ ವಿಷಯ ಚಿಕ್ಕದಾಗಿ: ಬಿಪಿಎಲ್ ಕಾರ್ಡ್ ಇದ್ದವರು ಸರ್ಕಾರಿ ಆಸ್ಪತ್ರೆಯಿಂದ, ನಮಗಾದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಿಂದ, ಆಯುಷ್ಮಾನ್ ಯೋಜನೆಗೆ ರೆಫರಲ್ ಪತ್ರ ಕೇಳಿ. ಎಂಆರ್‌ಐ ಫಿಲ್ಮ್ ಜೊತೆಗೆ ಸಿಡಿ ಕೂಡ ಇರಲಿ.

ಆಪರೇಷನ್ ಆದ ಮೇಲೆ ಊತದಿಂದ ಮಾತು ಕೆಲವು ವಾರ ಇನ್ನೂ ಕೆಡಬಹುದು. ಭಾವ ಮೂರು ದಿನ ಕನ್ನಡದಲ್ಲಿ ತೊದಲಿದರು, ಅಕ್ಕ ತೆಲುಗಿನಲ್ಲಿ ಗದರಿದರೆ ಮಾತ್ರ ಸರಿಯಾಗಿ ಎದುರುತ್ತರ ಕೊಟ್ಟರು. ಸ್ಪೀಚ್ ಥೆರಪಿಯವರಿಗೂ ಎರಡು ಭಾಷೆಯ ವಿಷಯ ಹೇಳಿ, ಮತ್ತೆ ಫೋನ್‌ನಲ್ಲಿರುವ ಆ ಚಿತ್ರಗಳನ್ನು ಅಳಿಸಬೇಡಿ, ಮುಂದಿನ ಅಭ್ಯಾಸಕ್ಕೂ ಅವೇ ಬೇಕು.