ಅಪ್ಪನ ಮಳೆ ಡೈರಿ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. 100 ಸೆಂಟ್ಸ್ ಅಂದರೆ ಒಂದು ಇಂಚು. ಅಪ್ಪ ಮಳೆ ಬಿದ್ದ ಮಾರನೇ ಬೆಳಿಗ್ಗೆ ಅಂಗಳದ ಮಾಪಕ ನೋಡಿ ಡೈರಿಯಲ್ಲಿ ಬರೆದಿಡುತ್ತಿದ್ದರು. ಜನವರಿಯಲ್ಲಿ ರೊಬಸ್ಟಾ ಕಾಫಿ ಕೊಯ್ಲಿನ ನಡುವೆ, ತೋಟದಲ್ಲೇ ಎದೆ ಹಿಡಿದುಕೊಂಡು ಕುಸಿದರು. 76 ವರ್ಷವಾಗಿತ್ತು.

ತಿಥಿಗೆ ಬಂದವರದ್ದೆಲ್ಲ ಒಂದೇ ಮಾತು. "ಪುಣ್ಯಾತ್ಮ, ಒಂದು ದಿನ ನರಳಲಿಲ್ಲ." ನಿಜವೇ. ಆದರೆ ಆ ಮಾತು ಕೇಳಿದ ಮೇಲೆ ಅಳೋದು ಹೇಗೆ? ಅದೂ ಅಲ್ಲದೆ, ಅವತ್ತು ಬೆಳಿಗ್ಗೆ ಕಣದಲ್ಲಿ ಕಾಫಿ ಹರವುವ ವಿಷಯಕ್ಕೆ ಅವರ ಮೇಲೆ ರೇಗಿದ್ದೆ. "ನಿಮಗೆ ಸುಮ್ನೆ ಕೂರೋಕೆ ಆಗಲ್ವಾ?" ಅಂದಿದ್ದೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ ಬಂತು. ನಾನು ಮಾಪಕದ ಹತ್ತಿರವೇ ಹೋಗಲಿಲ್ಲ. ತೋಟದ ಆ ಭಾಗಕ್ಕೂ ಕಾಲಿಡಲಿಲ್ಲ, ಆಳುಗಳನ್ನು ಕಳಿಸಿ ಕೆಲಸ ಮಾಡಿಸಿದೆ. ಆಗಸ್ಟ್ ಹೊತ್ತಿಗೆ ನಿದ್ದೆ ಪೂರ್ತಿ ಕೆಟ್ಟಿತ್ತು. ಒಂದು ರಾತ್ರಿ ಎರಡು ಗಂಟೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಿದರು. "ಸಾಯಬೇಕು ಅನ್ನಿಸಿದೆಯಾ?" ಅಂತ ನೇರವಾಗಿ ಕೇಳಿದರು. ಅನ್ನಿಸಿರಲಿಲ್ಲ. ಆದರೂ ಯಾರೋ ಹಾಗೆ ಕೇಳಿದ್ದಕ್ಕೇ ಸ್ವಲ್ಪ ಹಗುರವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಬಗ್ಗೆಯೂ ಹೇಳಿದರು.

ಮೂಡಿಗೆರೆಯಲ್ಲಾದರೆ ಯಾರಾದರೂ ನೋಡುತ್ತಾರೆ ಅಂತ 30 ಕಿಲೋಮೀಟರ್ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋದೆ. ಅಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಪಕ್ಕದೂರಿನವರೇ ಕೂತಿದ್ದರು! ಇಬ್ಬರೂ "ಬಿಪಿ ತೋರಿಸೋಕೆ ಬಂದೆ" ಅಂದೆವು.

ಮೊದಲು ಸಿಕ್ಕ ಕೌನ್ಸೆಲರ್ 20 ನಿಮಿಷ ಧೈರ್ಯ ಹೇಳಿ ಕಳಿಸಿದರು. ಧೈರ್ಯ ಹೇಳೋಕೆ ನಮ್ಮ ಸೋದರಮಾವ ಸಾಕಿತ್ತು. ಎರಡನೇ ಸಲ ವಿಚಾರಿಸಿಕೊಂಡೇ ಹೋದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಇರುತ್ತದೆ. ಅದನ್ನು ಕೇಳೋದು ಅವಮಾನ ಏನಲ್ಲ, ನಾನು ಕೇಳಿದೆ, ಅವರು ತೋರಿಸಿದರು.

ಈ ಮೇಡಂ ಮೊದಲ ದಿನ ಜಾಸ್ತಿ ಮಾತಾಡಲೇ ಇಲ್ಲ. ದುಃಖ ಕಾಯಿಲೆ ಅಲ್ಲ ಅಂದರು. ಆದರೆ ಆರು ತಿಂಗಳು ಕಳೆದರೂ ಅದು ಒಂದಿಷ್ಟೂ ಸಡಿಲವಾಗದೆ ಬದುಕನ್ನೇ ಕಟ್ಟಿಹಾಕಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಅದಕ್ಕೊಂದು ಹೆಸರಿದೆ, ಚಿಕಿತ್ಸೆಯೂ ಇದೆ ಅಂದರು. ಹದಿನೈದು ದಿನಕ್ಕೊಮ್ಮೆಯಂತೆ ಒಂಬತ್ತು ಸಲ ಹೋದೆ.

ಅವರು ಮಾಡಿಸಿದ ಕಷ್ಟದ ಕೆಲಸ ಒಂದೇ. ಕಣ್ಣು ಮುಚ್ಚಿ ಆ ದಿನವನ್ನು ಬೆಳಿಗ್ಗೆಯಿಂದ ಹೇಳಬೇಕು. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಕೇಳಬೇಕು. ಮೊದಲ ಸಲ ಅರ್ಧಕ್ಕೇ ಎದ್ದು ಹೊರಗೆ ಬಂದುಬಿಟ್ಟೆ. ಮನೆಯಲ್ಲಂತೂ ಜೀಪಿನೊಳಗೆ ಕೂತು, ಗಾಜು ಏರಿಸಿಕೊಂಡು ಕೇಳಿಸಿಕೊಳ್ಳುತ್ತಿದ್ದೆ. ಮೂರನೇ ಸಲ ನಾನು ರೇಗಿದ ಮಾತು ಬಾಯಿಗೆ ಬಂತು. ಮೇಡಂ "ನಿಮ್ಮ ತಪ್ಪಲ್ಲ" ಅನ್ನಲಿಲ್ಲ. "ಅದಕ್ಕೆ ನಿಮ್ಮ ಅಪ್ಪ ಏನಂದರು?" ಅಂತ ಕೇಳಿದರು.

ಏನೂ ಅನ್ನಲಿಲ್ಲ ಅಂದೆ. ಆಮೇಲೆ ನೆನಪಾಯಿತು. "ಕೂತರೆ ತುಕ್ಕು ಹಿಡೀತದೆ ಕಣೋ" ಅಂದು ನಕ್ಕಿದ್ದರು. ಅಷ್ಟೂ ತಿಂಗಳು ನನ್ನ ಮಾತು ಮಾತ್ರ ಕಿವಿಯಲ್ಲಿತ್ತು, ಆ ನಗು ಮರೆತೇ ಹೋಗಿತ್ತು. ಅವತ್ತು ಚೆನ್ನಾಗಿ ಅತ್ತೆ.

ಆಮೇಲೆ ತೋಟದ ಆ ಜಾಗಕ್ಕೆ ಹೋಗುವ ಅಭ್ಯಾಸ. ಮೊದಲು ಬೇಲಿಯವರೆಗೆ, ಮುಂದಿನ ವಾರ ಹೆಂಡತಿ ಜೊತೆ, ಕೊನೆಗೆ ಒಬ್ಬನೇ. ಈಗಲೂ ಅಲ್ಲಿ ಎದೆ ಸ್ವಲ್ಪ ಹಿಂಡುತ್ತದೆ. ಆದರೆ ಕಸಿ ಮಾಡುವಾಗ, ಅಂದರೆ ಗಿಡದ ರೆಂಬೆ ಸವರಿಸುವಾಗ, ಅಲ್ಲಿ ನಾನೇ ನಿಂತಿರುತ್ತೇನೆ.

ಮರೆಯೋದನ್ನು ಕಲಿಸುತ್ತಾರೆ ಅಂದುಕೊಂಡು ಹೋಗಿದ್ದೆ. ಅವರು ಡೈರಿ ಮುಂದುವರಿಸಿ ಅಂದರು. ಈ ಮಾರ್ಚ್‌ನಲ್ಲಿ ಹೂಮಳೆ ಬಿದ್ದ ಮಾರನೇ ಬೆಳಿಗ್ಗೆ ಮಾಪಕ ನೋಡಿ, ಅಪ್ಪನ ಕೊನೆಯ ಸಾಲಿನ ಕೆಳಗೆ 86 ಸೆಂಟ್ಸ್ ಅಂತ ಬರೆದೆ. ಪಕ್ಕದ ತೋಟದವರು ಒಪ್ಪಲಿಲ್ಲ. ಅವರಲ್ಲಿ 90 ಬಂದಿತ್ತಂತೆ, ನನಗೆ ಅಳೆಯೋಕೆ ಬರಲ್ವಂತೆ. ಅಪ್ಪನ ಜೊತೆಗೂ ಅವರದು ಇದೇ ಜಗಳ.